ಇದು ನಮ್ಮ ಗಂಟೆಯಲ್ಲ

"ಅಯ್ಯೋ, ಅಲ್ಲಿ ಯಾಕೆ ಮಲಗಿದ್ರಿ? ಏಳಿ ಮೊದಲು!"

ಬಚ್ಚಲಮನೆಯ ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಗಂಟೆ ಅಕ್ಕ ಏಳಲಿಲ್ಲ. ಎಡಗೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಾಲು ಮಡಿಸಿ, ಬಲಗೈಯನ್ನು ಗೋಡೆಯ ಕಡೆಗೆ ಚಾಚಿ ಬಿದ್ದುಕೊಂಡೇ ಇದ್ದಳು. ಹನ್ನೆರಡು ದಿನದ ಹಿಂದೆ ಈ ಮನೆಯ ಚಿಕ್ಕಮ್ಮನ ಹೆಣ ಸಿಕ್ಕಿದ್ದು ಹೀಗೆಯೇ, ಇದೇ ಜಾಗದಲ್ಲಿ.

"ಬಿದ್ದವರ ಕೈ ಎಲ್ಲಿಗೆ ಎಟುಕುತ್ತೆ ಅಂತ ನಿಂತ್ಕೊಂಡು ನೋಡಿದ್ರೆ ಗೊತ್ತಾಗಲ್ಲಮ್ಮ," ಎಂದಳು ನೆಲದಿಂದಲೇ. "ಬಿದ್ದೇ ನೋಡ್ಬೇಕು."

ಹದಿನೆಂಟು ವರ್ಷ ಆಸ್ಪತ್ರೆಯೊಂದರಲ್ಲಿ ಮಂಚಕ್ಕೊಂದರಂತೆ ಇರುವ ಕರೆಗಂಟೆಗಳನ್ನು ನೋಡಿಕೊಂಡವಳು ಅವಳು. ಆ ಕೆಲಸ ಬಿಟ್ಟ ಮೇಲೆ ಮನೆಮನೆಗೆ ಹೋಗಿ ವಯಸ್ಸಾದವರಿಗೆ ಗಂಟೆ ಕೂರಿಸಿಕೊಡುತ್ತಾಳೆ. ಯಾವ ಮನೆಗೆ ಹೋದರೂ ಮೊದಲು ನೆಲದ ಮೇಲೆ ಉದ್ದಕ್ಕೆ ಮಲಗುತ್ತಾಳೆ. ನೋಡಿದವರು ನಗುತ್ತಾರೆ, ನಗಲಿ. ಮೂರು ತಿಂಗಳ ಹಿಂದೆ ಇದೇ ಬಚ್ಚಲಲ್ಲಿ ಮಲಗಿ ಅಳತೆ ತೆಗೆದು, ನೆಲದಿಂದ ಒಂದು ಗೇಣು ಮೇಲೆ ಕೆಂಪು ಬಟನ್ ಅಂಟಿಸಿದವಳೂ ಅವಳೇ.

ಈಗ ಬೆರಳು ಚಾಚಿದಳು. ಸಿಕ್ಕಿತು. ಕಷ್ಟವೇನೂ ಪಡಬೇಕಾಗಲಿಲ್ಲ.

ಬಿದ್ದ ಮೇಲೂ ಚಿಕ್ಕಮ್ಮನಿಗೆ ತಾಸು ಹೊತ್ತು ಜೀವವಿತ್ತು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಗಂಟೆ ಸರಿಯಾಗಿದೆ, ಮುದುಕಿ ಒತ್ತಲಿಲ್ಲ ಎಂದು ಪೊಲೀಸರು ಬರೆದುಕೊಂಡು ಹೋಗಿದ್ದರು. ಊರ ಬಾಯಿ ಮಾತ್ರ ಬೇರೆಯೇ ಹೇಳುತ್ತಿತ್ತು: ಗಂಟೆ ಅಕ್ಕನ ಗಂಟೆ ಕೈಕೊಟ್ಟಿತಂತೆ. ಆಗಲೇ ಎರಡು ಮನೆಯವರು ಅವಳ ಗಂಟೆಯನ್ನು ಕಿತ್ತು ಅವಳ ಕೈಗೇ ವಾಪಸ್ ಕೊಟ್ಟಿದ್ದರು.

ಅದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳು. ನುಂಗಲಾಗದ್ದು ಬೇರೆ ಇತ್ತು. ಚಿಕ್ಕಮ್ಮನ ಅಕ್ಕ, ಎಂಬತ್ತು ದಾಟಿದ ದೊಡ್ಡಮ್ಮ, ಇದೇ ಮನೆಯಲ್ಲಿ ಇನ್ನೂ ಬದುಕಿದ್ದರು. ಅವರಿಗಾಗಿ ಇನ್ನೂ ನಾಲ್ಕು ಬಟನ್ ಹಾಕಿಕೊಡಿ ಎಂದು ಮನೆಯವರು ಇವತ್ತು ಕರೆಸಿದ್ದರು. ಹಳೆಯ ಗಂಟೆ ಯಾಕೆ ಸುಮ್ಮನಿತ್ತು ಎಂದು ತಿಳಿಯದೆ ಹೊಸದನ್ನು ಹಾಕಿ ಕೈತೊಳೆದುಕೊಂಡರೆ, ದೊಡ್ಡಮ್ಮನನ್ನು ತಾನೇ ಈ ನೆಲಕ್ಕೆ ಒಪ್ಪಿಸಿ ಹೋದ ಹಾಗೆ.

ಅವಳು ಬಟನ್ ಒತ್ತಿದಳು.

ಮಹಡಿಯ ಮೇಲೆ, ಅಡುಗೆಮನೆಯಲ್ಲಿದ್ದ ಗಂಟೆಯ ಡಬ್ಬಿ ಕೂಗಿತು. ಬಚ್ಚಲಿನ ಕಿಟಕಿಯ ನೇರಕ್ಕೇ ಮೇಲಿನ ಮನೆಯ ಅಡುಗೆಮನೆಯ ಕಿಟಕಿ. ಸದ್ದು ಸ್ಪಷ್ಟವಾಗಿ ಇಳಿದು ಬಂತು. ಟಿಂಗ್ ಟಾಂಗ್. ಟಿಂಗ್ ಟಾಂಗ್.

"ನೋಡಿದ್ರಾ, ಹೊಡೀತು," ಎಂದಳು ನರ್ಸಮ್ಮ. "ಅವತ್ತು ಪೊಲೀಸರು ಒತ್ತಿದಾಗಲೂ ಹಿಂಗೇ ಹೊಡೀತು."

ಆಗ ಕೋಣೆಯೊಳಗಿಂದ ದೊಡ್ಡಮ್ಮನ ದನಿ ಬಂತು. ಸಣ್ಣ ದನಿ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿ.

"ಇದು ನಮ್ಮ ಗಂಟೆಯಲ್ಲ."

ಹಜಾರದಲ್ಲಿ ಫೋನ್ ಹಿಡಿದು ಕೂತಿದ್ದ ಯಜಮಾನ ನಿಟ್ಟುಸಿರು ಬಿಟ್ಟ. ದೊಡ್ಡಮ್ಮ, ಚಿಕ್ಕಮ್ಮಂದಿರ ನಡುವಿನ ಸೋದರಿಯ ಮಗ ಈತ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಾನೆ, ಮೇಲಿನ ಮನೆಯಲ್ಲಿ ಹೆಂಡತಿಯ ಜೊತೆ ಇದ್ದಾನೆ. ನಡು ಬಗ್ಗಿಸಿ ಮಾತಾಡುವ ಮನುಷ್ಯ. ಮಧ್ಯಾಹ್ನದ ಊಟವನ್ನು ದೊಡ್ಡಮ್ಮನಿಗೆ ನರ್ಸಮ್ಮ ತಿನ್ನಿಸಿದರೆ, ಸಂಜೆಯದು ಇವನ ಕೈಯದೇ.

"ಹನ್ನೆರಡು ದಿನದಿಂದ ಇದೊಂದೇ ಮಾತು ಕಣಕ್ಕ," ಎಂದ. "ಪೊಲೀಸರ ಹತ್ರಾನೂ ಇದನ್ನೇ ಅಂದ್ರು. ತಂಗಿ ಹೋದ ದುಃಖ. ತಲೆ ಸ್ವಲ್ಪ..." ಎಂದು ಬೆರಳನ್ನು ಕಿವಿಯ ಪಕ್ಕ ತಿರುಗಿಸಿದ.

"ಅವತ್ತಿಂದ ಮಂಚದ ಹತ್ರ ಇರೋ ಬಟನ್ನೂ ಮುಟ್ಟಲ್ಲ ಪಾಪ," ಎಂದು ನರ್ಸಮ್ಮ ಸೇರಿಸಿದಳು. "ಹಾವು ಕಂಡಂಗೆ ಆಡ್ತಾರೆ."

ಗಂಟೆ ಅಕ್ಕ ಎದ್ದು ಕೂತಳು. ಕೆನ್ನೆಗಂಟಿದ ನೀರನ್ನು ತೋಳಿನಿಂದ ಒರೆಸಿಕೊಂಡಳು.

ದೊಡ್ಡಮ್ಮನ ತಲೆ ಸರಿಯಾಗೇ ಇತ್ತು. ಇದು ಅವರ ಗಂಟೆಯಲ್ಲ.

ಮೂರು ತಿಂಗಳ ಹಿಂದಿನ ಜಗಳ ಅವಳಿಗೆ ನಿನ್ನೆ ಮೊನ್ನೆ ನಡೆದಷ್ಟು ನೆನಪಿತ್ತು. ಡಬ್ಬಿಯಲ್ಲಿ ಮೂವತ್ತಾರು ಟ್ಯೂನ್. ಒಂದೊಂದನ್ನೇ ಕೇಳಿಸಿದ್ದಳು. ದೊಡ್ಡಮ್ಮನಿಗೆ ಕೊಳಲು ಬೇಕಿತ್ತು. "ಕೊಳಲು ಕೇಳಿದ್ರೆ ಮೇಲಿನವರು ಇನ್ನೂ ಚೆನ್ನಾಗಿ ನಿದ್ದೆ ಹೊಡೀತಾರೆ ಕಣೇ!" ಎಂದು ಚಿಕ್ಕಮ್ಮ ರೇಗಿದ್ದರು. "ಎದೆ ಧಸಕ್ ಅನ್ನೋ ಥರದ್ದು ಹಾಕು ಮಗಳೇ. ಬಿದ್ದು ಒದ್ದಾಡೋಳು ನಾನು, ಅವರಿಗೆ ಸಂಗೀತ ಬೇರೆ ಕೇಡು." ನಲವತ್ತು ವರ್ಷ ಜೊತೆಯಲ್ಲಿ ಮಕ್ಕಳ ಸಮವಸ್ತ್ರ ಹೊಲಿದು ಬದುಕಿದ ಅಕ್ಕತಂಗಿಯರು ಅರ್ಧ ತಾಸು ಕಿತ್ತಾಡಿ, ಕೊನೆಗೆ ಚಿಕ್ಕಮ್ಮನೇ ಗೆದ್ದಿದ್ದರು. ಹತ್ತೊಂಬತ್ತನೆಯ ಟ್ಯೂನ್. ಹಡಗಿನ ಕೂಗು.

ಆ ಕೂಗು ಈಗ ಟಿಂಗ್ ಟಾಂಗ್ ಆಗಿ ಕೂತಿತ್ತು. ಕಾರ್ಖಾನೆಯಿಂದ ಬಂದಾಗ ಇರುತ್ತದಲ್ಲ, ಆ ಒಂದನೆಯ ಟ್ಯೂನ್.

"ಮೇಲೆ ಹೋಗಿ ಡಬ್ಬಿ ಒಂದ್ಸಲ ನೋಡ್ಬೇಕು," ಎಂದಳು, ಆದಷ್ಟು ಸಾಧಾರಣ ದನಿಯಲ್ಲಿ.

"ಹೋಗಿ ಹೋಗಿ. ಅವಳು ಮೇಲೇ ಇದಾಳೆ," ಎಂದ ಯಜಮಾನ. ಫೋನಿನಿಂದ ಕಣ್ಣೆತ್ತಲಿಲ್ಲ.

ಹೊರಬಾಗಿಲು ದಾಟಿ ಇಪ್ಪತ್ತೆರಡು ಮೆಟ್ಟಿಲು. ಎಣಿಸಿಕೊಂಡೇ ಹತ್ತಿದಳು.

ಯಜಮಾನನ ಹೆಂಡತಿ ಹೈಸ್ಕೂಲು ಟೀಚರು. ಅಡುಗೆಮನೆಯ ಕಟ್ಟೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ನಿಂತೇ ತಿದ್ದುತ್ತಿದ್ದಳು. ಕಣ್ಣಿನ ಸುತ್ತ ಕಪ್ಪು. ಕೆಂಪು ಪೆನ್ನು ಒಂದೇ ಸಾಲಿನ ಮೇಲೆ ಹಿಂದೆ ಮುಂದೆ ಓಡಾಡುತ್ತಿತ್ತು.

ಗಂಟೆ ಅಕ್ಕ ಅವಳ ಜೊತೆ ಮಾತಿಗಿಳಿಯಲಿಲ್ಲ. ಡಬ್ಬಿಯ ಹತ್ತಿರ ಹೋಗಿ, ಟ್ಯೂನನ್ನು ಮತ್ತೆ ಹತ್ತೊಂಬತ್ತಕ್ಕೆ ತಂದಳು. ಪ್ಲಗ್ಗಿನಿಂದ ಕಿತ್ತಳು. ನೂರು ಎಣಿಸಿ ಮತ್ತೆ ಚುಚ್ಚಿದಳು. ಕಿಟಕಿಯಿಂದ ಬಗ್ಗಿ ಕೂಗಿದಳು.

"ನರ್ಸಮ್ಮಾ! ಬಚ್ಚಲಿಂದು ಒಂದ್ಸಲ ಒತ್ತಿ!"

ಡಬ್ಬಿ ಹಡಗಿನ ಹಾಗೆ ಊಳಿಟ್ಟಿತು. ಟೀಚರ ಕೈಯಿಂದ ಪೆನ್ನು ಜಾರಿ ಕೆಳಗೆ ಬಿತ್ತು.

ಅಂದರೆ ಕರೆಂಟು ಹೋಗಿ ಬಂದರೆ ಡಬ್ಬಿ ಟ್ಯೂನು ಮರೆಯುವುದಿಲ್ಲ. ಅದು ಮರೆಯುವುದು ಒಂದೇ ಕಾರಣಕ್ಕೆ. ಯಾರಾದರೂ ಅದರ ನೆನಪನ್ನೆಲ್ಲ ಅಳಿಸಿದರೆ. ಆಗ ಟ್ಯೂನೂ ಹೋಗುತ್ತದೆ, ಯಾವ ಬಟನ್ ತನ್ನದು ಎಂಬುದೂ ಹೋಗುತ್ತದೆ. ಆಮೇಲೆ ಕೆಳಗೆ ಯಾರು ಎಷ್ಟು ಒತ್ತಿದರೂ ಮೇಲೆ ಹಸಿರು ದೀಪ ಉರಿಸಿಕೊಂಡು ತಣ್ಣಗೆ ಕೂತಿರುತ್ತದೆ.

"ಟೀಚರೇ, ಈ ಡಬ್ಬೀನ ಅವತ್ತು ಯಾರೋ ಮುಟ್ಟಿದಾರೆ," ಎಂದಳು ಗಂಟೆ ಅಕ್ಕ.

"ನಾನು ಯಾಕೆ ಮುಟ್ಟಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ. ಗಂಟೆ ಅಕ್ಕ ಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ನಿಂತಳು.

"ನೀವು ಅಂತ ನಾನು ಅಂದ್ನಾ?"

"ಪೊಲೀಸರು ಬರ್ಕೊಂಡು ಹೋದ್ರಲ್ಲ. ಮುಗೀತಲ್ಲ. ನೀವು ಹೊಸ ಬಟನ್ ಹಾಕೋಕೆ ಬಂದಿರೋದು, ಹಾಕಿ ಹೋಗಿ."

"ಹಾಕ್ತೀನಿ. ಆದ್ರೆ ಚಿಕ್ಕಮ್ಮ ಒತ್ತಿದಾರೆ. ತಾಸು ಹೊತ್ತು ಒತ್ತಿದಾರೆ. ನನ್ನ ಬೆರಳು ಈಗ ತಾನೇ ಅಲ್ಲಿಗೆ ಹೋಗಿ ಬಂತು, ಅಳತೆ ಸುಳ್ಳು ಹೇಳಲ್ಲ. ಅವರು ಒತ್ತಿದಾಗ ಈ ಡಬ್ಬಿ ಸತ್ತಿತ್ತು. ನೀವೊಬ್ಬರೇ ಆ ಹೊತ್ತಲ್ಲಿ ಈ ಮನೇಲಿದ್ರಿ."

ಟೀಚರು ಕಟ್ಟೆಗೆ ಒರಗಿಕೊಂಡಳು. ಒಂದು ಕ್ಷಣ ಏನೋ ಬೈಯುತ್ತಾಳೆ ಅನಿಸಿತು. ಬದಲಿಗೆ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು.

"ದಿನಕ್ಕೆ ನಲವತ್ತು ಸಲ ಅಕ್ಕಾ. ಎಣಿಸಿದೀನಿ ನಾನು. ರಿಮೋಟ್ ಬಿತ್ತು ಅಂತ ಒಂದು. ಕಿಟಕಿ ಹಾಕು ಅಂತ ಒಂದು. ಹಾಕಿದ್ ಕಿಟಕಿ ತೆಗಿ ಅಂತ ಇನ್ನೊಂದು. ಅವತ್ತು ನೂರಿಪ್ಪತ್ತು ಪೇಪರ್ ತಿದ್ದಿ ತಲೆ ಸಿಡೀತಿತ್ತು. ಒಂದೇ ಒಂದು ಮಧ್ಯಾಹ್ನ ಮಲಗೋಣ ಅಂತ, ಸದ್ದು ಕಮ್ಮಿ ಮಾಡೋಕೆ ಪಕ್ಕದ ಗುಂಡಿ ಒತ್ತಿದೆ. ಒತ್ತಿ ಹಿಡ್ಕೊಂಡೆ. ಕುಂಯ್ ಅಂತ ಉದ್ದಕ್ಕೆ ಕೂಗ್ತು. ಸದ್ದು ಕಮ್ಮಿಯಾಯ್ತು ಅನ್ಕೊಂಡೆ."

ಗಂಟೆ ಅಕ್ಕ ಕಣ್ಣು ಮುಚ್ಚಿದಳು. ಆ ಗುಂಡಿಯ ಹಣೆಬರಹವೇ ಅದು. ಒಂದು ಸಲ ಮುಟ್ಟಿ ಬಿಟ್ಟರೆ ಸದ್ದು ಇಳಿಯುತ್ತದೆ. ಎಂಟು ಸೆಕೆಂಡು ಹಿಡಿದರೆ ಎಲ್ಲ ಅಳಿಸಿಹೋಗುತ್ತದೆ. ಅದನ್ನು ಹೇಳಿಕೊಡುವ ದಿನ ಟೀಚರು ಪರೀಕ್ಷೆಯ ಡ್ಯೂಟಿಗೆ ಹೋಗಿದ್ದಳು. ಕೇಳಿಸಿಕೊಂಡವರು ಇಬ್ಬರೇ, ಯಜಮಾನ ಮತ್ತು ನರ್ಸಮ್ಮ.

"ನಾನು ಕೊಂದೆ ಅಲ್ವಾ ಅಕ್ಕಾ?" ಎಂದಳು ಟೀಚರು. "ಹನ್ನೆರಡು ದಿನದಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ. ನಮ್ಮ ಯಜಮಾನ್ರಿಗೂ ಹೇಳಿಲ್ಲ."

ಗಂಟೆ ಅಕ್ಕನಿಗೆ ಸಿಟ್ಟೂ ಬಂತು, ಕರುಳೂ ಚುರುಕ್ ಎಂದಿತು. ನಿದ್ದೆಗೆಟ್ಟ ಹೆಣ್ಣಿನ ಒಂದು ಬೆರಳು ಮಾಡಿದ ಅನಾಹುತ. ಇದಕ್ಕೆ ಯಾವ ಠಾಣೆಯಲ್ಲಿ ಏನು ಬರೆಸುವುದು?

ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು.

"ಒಂದ್ನಿಮಿಷ. ಪೊಲೀಸರು ಬಂದು ಒತ್ತಿದಾಗ ಹೊಡೀತಲ್ಲ?"

"ಹೊಡೀತು."

"ನೀವು ಅಳಿಸಿದ ಮೇಲೆ ಹೊಡೀಬಾರದು. ಮತ್ತೆ ಯಾರು ಕಲಿಸಿದ್ರು ಅದಕ್ಕೆ?"

ಟೀಚರು ಕಣ್ಣೊರೆಸಿಕೊಂಡು ಪಿಳಿಪಿಳಿ ನೋಡಿದಳು. "ಕಲಿಸೋದಾ? ಅಂದ್ರೆ? ನಂಗೆ ಆಗಲೂ ವಿಚಿತ್ರ ಅನಿಸ್ತು. ಸದ್ದು ಕಮ್ಮಿ ಇರ್ಬೇಕಿತ್ತು. ಮನೆಯೆಲ್ಲ ಮೊಳಗೋ ಹಾಗೆ ಹೊಡೀತು, ಅದೂ ಬೇರೆ ಟ್ಯೂನಲ್ಲಿ. ಹೆದರಿ ಬಾಯಿ ಬಿಡಲಿಲ್ಲ."

"ಅವತ್ತು ಮಲಗಿ ಎದ್ದ ಮೇಲೆ ಈ ಡಬ್ಬಿ ಹೇಗಿತ್ತು? ನಿಧಾನ ಯೋಚಿಸಿ ಹೇಳಿ."

"ಹೇಗಿತ್ತು ಅಂದ್ರೆ... ಮೇಲಿನ ಸಾಕೆಟ್ಟಲ್ಲಿತ್ತು. ಹೌದು! ನಾನು ಯಾವತ್ತೂ ಕೆಳಗಿನದಕ್ಕೆ ಹಾಕೋದು, ಮೇಲಿಂದು ಮಿಕ್ಸಿಗೆ. ಸಂಜೆ ಮಿಕ್ಸಿ ಹಾಕೋಕೆ ಹೋದಾಗ ನೋಡಿ, ಪೊಲೀಸರು ಬದಲಾಯಿಸಿರ್ಬೇಕು ಅನ್ಕೊಂಡೆ."

"ಪೊಲೀಸರು ಡಬ್ಬಿ ಮುಟ್ಟಿದ್ರಾ?"

"ಇಲ್ಲ. ಒಬ್ಬರು ಇಲ್ಲಿ ನಿಂತು ಕೇಳಿಸ್ಕೊಂಡ್ರು ಅಷ್ಟೇ."

ಡಬ್ಬಿಗೆ ಬಟನ್ನನ್ನು ಮತ್ತೆ ಕಲಿಸುವ ಕ್ರಮ ಗಂಟೆ ಅಕ್ಕನಿಗೆ ನಿದ್ದೆಯಲ್ಲೂ ಗೊತ್ತು. ಮೊದಲು ಡಬ್ಬಿಯ ಗುಂಡಿ ಒತ್ತಬೇಕು. ಅಲ್ಲಿಂದ ಹದಿನೈದು ಸೆಕೆಂಡಿನೊಳಗೆ ಬಟನ್ ಒತ್ತಬೇಕು. ಇಲ್ಲಿ ಒತ್ತಿ, ಇಪ್ಪತ್ತೆರಡು ಮೆಟ್ಟಿಲಿಳಿದು, ಬಚ್ಚಲು ಸೇರಿ ಬಗ್ಗಿ ಒತ್ತಲು ಹದಿನೈದು ಸೆಕೆಂಡು ಯಾರಿಗೂ ಸಾಲದು. ಹಾಗಾಗಿ ಡಬ್ಬಿಯನ್ನೇ ಕಿತ್ತು ಕೆಳಗೆ ಒಯ್ದಿದ್ದಾರೆ. ಕಲಿಸಿದ್ದಾರೆ. ತಂದು ಅವಸರದಲ್ಲಿ ಮೇಲಿನ ಸಾಕೆಟ್ಟಿಗೆ ಚುಚ್ಚಿದ್ದಾರೆ.

"ಟೀಚರೇ, ನೀವು ಎಲ್ಲಿ ಮಲಗಿದ್ರಿ?"

"ಹಜಾರದಲ್ಲಿ. ಫ್ಯಾನ್ ಕೆಳಗೆ, ಚಾಪೆ ಹಾಸ್ಕೊಂಡು."

"ಬಾಗಿಲು?"

"ಚಿಲಕ ಹಾಕಿರಲಿಲ್ಲ."

"ಹಾಗಾದ್ರೆ ನಿಮ್ಮ ಕಾಲಿನ ಹತ್ತಿರದಿಂದಲೇ ಯಾರೋ ನಡೆದು ಹೋಗಿದಾರೆ. ಡಬ್ಬಿ ಒಯ್ಯೋಕೆ ಒಂದ್ಸಲ, ತಂದಿಡೋಕೆ ಒಂದ್ಸಲ."

ಟೀಚರು ಸೆರಗನ್ನು ಬಾಯಿಗೊತ್ತಿಕೊಂಡಳು.

"ಐದಕ್ಕೆ ಹೆಣ ನೋಡಿದವರು ನಿಮ್ಮ ಯಜಮಾನ್ರು. ಕೂಗಿಕೊಂಡ್ರು, ಬೀದಿಯೆಲ್ಲ ಸೇರ್ತು. ಅಲ್ಲಿಂದ ಪೊಲೀಸರು ಬರೋವರೆಗೂ ಬಚ್ಚಲ ಬಾಗಿಲಲ್ಲಿ ಜನ ನಿಂತೇ ಇತ್ತು. ಆಮೇಲೆ ಕಲಿಸೋಕೆ ಆಗಲ್ಲ. ಏನು ಮಾಡಿದ್ರೂ ಐದರೊಳಗೇ ಮಾಡಿರೋದು. ಚಿಕ್ಕಮ್ಮ ನೆಲದ ಮೇಲೆ ಬಿದ್ದಿದ್ದಾಗ, ಅವರ ಕೈ ಪಕ್ಕದಲ್ಲೇ ಕೂತು ಆ ಬಟನ್ ಒತ್ತಿದಾರೆ."

"ಬಿದ್ದಿದ್ದು ನೋಡಿಯೂ?" ಟೀಚರ ದನಿ ಮೇಲೇಳಲಿಲ್ಲ. "ಎತ್ತಲಿಲ್ವಾ?"

"ಗಂಟೆ ರಿಪೇರಿ ಮಾಡಿದಾರೆ. ಗಂಟೆ ಹಾಳಾಗಿತ್ತು ಅಂತ ಗೊತ್ತಾದ್ರೆ ತನಿಖೆ ಶುರುವಾಗುತ್ತೆ. ಗಂಟೆ ಸರಿಯಿತ್ತು, ಮುದುಕಿ ಒತ್ತಲಿಲ್ಲ ಅಂದ್ರೆ ಅಲ್ಲಿಗೆ ಮುಗೀತು."

ಕಲಿಸಲು ಬರುತ್ತಿದ್ದವರು ಇಬ್ಬರೇ. ಯಜಮಾನ ಅವತ್ತು ಐದರವರೆಗೂ ಅಂಗಡಿಯಲ್ಲಿದ್ದೆ ಎಂದಿದ್ದ. ನರ್ಸಮ್ಮ ಎರಡಕ್ಕೇ ಮಗಳ ಮನೆಗೆ ಹೋದೆ ಎಂದಿದ್ದಳು. ಎರಡನ್ನೂ ಪೊಲೀಸರು ಬರೆದುಕೊಂಡಿದ್ದರು, ಯಾರೂ ಹೋಗಿ ವಿಚಾರಿಸಿರಲಿಲ್ಲ. ವಯಸ್ಸಾದವರು ಬಚ್ಚಲಲ್ಲಿ ಬಿದ್ದು ಸತ್ತರೆ ಯಾರು ತಾನೇ ಚಪ್ಪಲಿ ಸವೆಸುತ್ತಾರೆ!

ಗಂಟೆ ಅಕ್ಕ ಡಬ್ಬಿಯ ಕಡೆ ತಿರುಗಿದಳು. ಕೆಳಗೆ ಒಟ್ಟು ಎರಡು ಬಟನ್. ಬಚ್ಚಲಿನದೊಂದು. ಇನ್ನೊಂದು ದೊಡ್ಡಮ್ಮನ ಮಂಚದ ಹತ್ತಿರ, ದಾರಕ್ಕೆ ಕಟ್ಟಿದ್ದು. ಅಳಿಸಿದಾಗ ಎರಡೂ ಅಳಿಸಿಹೋಗಿರುತ್ತವೆ. ಪೊಲೀಸರು ಪರೀಕ್ಷಿಸಿದ್ದು ಬಚ್ಚಲಿನದನ್ನು ಮಾತ್ರ. ಮಂಚದ ಬಟನ್ನನ್ನು ಅವತ್ತಿನಿಂದ ಯಾರೂ ಒತ್ತಿಲ್ಲ.

"ಟೀಚರೇ, ಈಗ ಮಂಚದ ಬಟನ್ ಒತ್ತಿಸ್ತೀನಿ," ಎಂದಳು. "ಹೊಡೀಲಿಲ್ಲ ಅಂದ್ರೆ ಒಳ್ಳೇದು. ಬಂದವರು ಬಚ್ಚಲಿಂದಷ್ಟೇ ಕಲಿಸಿ ಹೋಗಿದಾರೆ ಅಂತ."

"ಹೊಡೆದ್ರೆ?"

"ಹೊಡೆದ್ರೆ ಅವರು ಡಬ್ಬಿ ಹಿಡ್ಕೊಂಡು ಮಂಚದ ಹತ್ತಿರಾನೂ ಹೋಗಿದಾರೆ. ಆ ಹೊತ್ತಲ್ಲಿ ಮಂಚದ ಮೇಲೆ ಯಾರಿದ್ರು?"

ದೊಡ್ಡಮ್ಮನಿಗೆ ಕಾಲು ಸ್ವಾಧೀನವಿಲ್ಲ. ಎರಡು ವರ್ಷದಿಂದ ಯಾರಾದರೂ ಎತ್ತಿ ಕೂರಿಸದೆ ಅವರು ಆ ಮಂಚ ಬಿಟ್ಟು ಇಳಿದವರಲ್ಲ.

ಗಂಟೆ ಅಕ್ಕ ಕಿಟಕಿಯಿಂದ ಬಗ್ಗಿದಳು. "ನರ್ಸಮ್ಮಾ! ದೊಡ್ಡಮ್ಮಂಗೆ ಮಂಚದ ಬಟನ್ ಒತ್ತೋಕೆ ಹೇಳಿ! ಗಂಟೆ ಅಕ್ಕ ಹೇಳಿದ್ಲು ಅನ್ನಿ!"

ಕೆಳಗೆ ಏನೋ ಗೊಣಗಾಟ. ನರ್ಸಮ್ಮನ ಸಮಾಧಾನದ ದನಿ. ಆಮೇಲೆ ನಿಶ್ಶಬ್ದ. ಗಂಟೆ ಅಕ್ಕ ತನಗೆ ತಾನೇ, ಹೊಡೀಬೇಡ, ಹೊಡೀಬೇಡ ಮಾರಾಯ ಎಂದು ಬೇಡಿಕೊಂಡಳು. ಗಂಟೆ ಹಾಕುವುದನ್ನೇ ಕಸುಬು ಮಾಡಿಕೊಂಡವಳು ಗಂಟೆ ಹೊಡೆಯದಿರಲಿ ಎಂದು ಬೇಡಿಕೊಂಡಿದ್ದು ಅದೇ ಮೊದಲು.

ಹಡಗಿನ ಕೂಗು ಅಡುಗೆಮನೆಯನ್ನೆಲ್ಲ ನಡುಗಿಸಿತು.

ಟೀಚರು ಎರಡೂ ಕಿವಿ ಮುಚ್ಚಿಕೊಂಡು ಕುಸಿದಳು. ಗಂಟೆ ಅಕ್ಕ ಆಗಲೇ ಮೆಟ್ಟಿಲ ಮೇಲಿದ್ದಳು.

ಕೆಳಗಿನ ಹಜಾರದಲ್ಲಿ ಯಾರೂ ಇರಲಿಲ್ಲ. ಕುರ್ಚಿಯ ಮೇಲೆ ಯಜಮಾನನ ಫೋನು ಅನಾಥವಾಗಿ ಬಿದ್ದಿತ್ತು. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿತು. ಅವಳು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ, ಮಂಚದ ಪಕ್ಕ ಮೊಣಕಾಲೂರಿದಳು.

ದೊಡ್ಡಮ್ಮ ದಿಂಬಿಗೊರಗಿ ಕೂತಿದ್ದರು. ಬಟನ್ ಮಡಿಲಲ್ಲಿತ್ತು. ಮುಖದ ಮೇಲೆ ಅಳುವಿಲ್ಲ, ಗಾಬರಿಯಿಲ್ಲ. ಕಣ್ಣು ಮಾತ್ರ ಬಾಗಿಲ ಮೇಲೇ ಇತ್ತು.

"ಹಡಗಿಂದು ಮತ್ತೆ ಹಾಕಿದ್ಯಾ," ಎಂದರು ಮೆಲ್ಲಗೆ. "ಅವಳದೇ ಗಂಟಲು ಕೇಳಿದ ಹಾಗಾಯ್ತು."

"ದೊಡ್ಡಮ್ಮ, ಅವತ್ತು ನೀವು ನಿದ್ದೆ ಮಾಡ್ತಿರಲಿಲ್ಲ. ಅಲ್ವಾ?"

ದೊಡ್ಡಮ್ಮನ ಒಣ ಬೆರಳುಗಳು ಅವಳ ಮಣಿಕಟ್ಟನ್ನು ಹಿಡಿದವು. ಸೂಜಿ ಹಿಡಿದು ಗಟ್ಟಿಯಾದ ಬೆರಳು, ಈ ವಯಸ್ಸಿನಲ್ಲೂ ಬಿಗಿ ಹೋಗಿರಲಿಲ್ಲ.

"ಅವಳು ಬಿದ್ದ ಸದ್ದು ಕೇಳ್ತು. ಅಕ್ಕಾ ಅಕ್ಕಾ ಅಂತ ಕರೆದ್ಲು. ನಾನು ಎದ್ದು ಹೋಗೋ ಸ್ಥಿತೀಲಿ ಇದೀನಾ? ಇದನ್ನೇ ಒತ್ತಿದೆ. ಒತ್ತಿ ಒತ್ತಿ ಹೆಬ್ಬೆರಳು ಊದಿಹೋಯ್ತು. ಮೇಲೆ ಒಂದು ಕೂಗೂ ಇಲ್ಲ. ಆಮೇಲೆ ಹೊರಬಾಗಿಲು ತೆಗೆದ ಸದ್ದಾಯ್ತು. ಹೋದ ಜೀವ ಬಂತು ಮಗಳೇ. ಯಾರೋ ಬಂದ್ರಲ್ಲ, ಅವಳು ಉಳ್ಕೊಂಡ್ಲು ಅಂದ್ಕೊಂಡೆ."

"ಬಂದವರು ಏನು ಮಾಡಿದ್ರು?"

"ಬಚ್ಚಲಿಗೆ ಹೋದ್ರು. ನೋಡಿದ್ರು. ಮೇಲೆ ಹೋಗಿ ಡಬ್ಬಿ ತಗೊಂಡು ಬಂದ್ರು. ಇಲ್ಲಿಗೂ ತಂದು ಮಂಚದ ಪಕ್ಕದ ಪ್ಲಗ್ಗಿಗೆ ಚುಚ್ಚಿ, ಬಟನ್ ನನ್ನ ಕೈಗೆ ಕೊಟ್ಟು, ಒತ್ತು ಅಂದ್ರು. ಗಂಟೆ ಸರಿಮಾಡ್ತಿದಾರೆ, ಆಮೇಲೆ ಅವಳನ್ನ ಎತ್ತುತಾರೆ ಅಂತ ನಾನು ಒತ್ತಿದೆ." ದೊಡ್ಡಮ್ಮ ಮಡಿಲಲ್ಲಿದ್ದ ಬಟನ್ನನ್ನು ನೋಡಿದರು. "ನನ್ನ ಕೈಯಲ್ಲೇ ಒತ್ತಿಸಿದ್ರು. ನಾನು ಒತ್ತೋವಾಗ ಅವಳು ಇನ್ನೂ ಅಕ್ಕಾ ಅಂತಿದ್ಲು. ಅವಳ ದನಿ ನಿಂತ ಮೇಲೇ ಡಬ್ಬಿ ಮತ್ತೆ ಮೇಲೆ ಹೋಗಿದ್ದು."

ಗಂಟೆ ಅಕ್ಕ ಆ ಬಟನ್ನನ್ನು ಅವರ ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು.

"ಪೊಲೀಸರಿಗೆ ಯಾಕೆ ಹೇಳಲಿಲ್ಲ ದೊಡ್ಡಮ್ಮ?"

"ಪೊಲೀಸರು ಅರ್ಧ ತಾಸು ಇದ್ದು ಹೋಗ್ತಾರೆ. ನಾನು ಇಲ್ಲೇ ಇರೋಳು. ಆ ಕೈ ತಿನ್ನಿಸಿದ್ರೇನೇ ನನಗೆ ಊಟ." ಅವರು ಇನ್ನೂ ಹತ್ತಿರ ಬಗ್ಗಿದರು. "ಗಂಟೆ ನಮ್ಮದಲ್ಲ, ಗಂಟೆ ನಮ್ಮದಲ್ಲ ಅಂತ ಅಷ್ಟನ್ನೇ ಹೇಳ್ತಾ ಬಂದೆ. ಹುಚ್ಚು ಅಂದ್ಕೊಂಡ್ರೆ ಬಿಟ್ಟುಬಿಡ್ತಾರೆ. ನೀನೊಬ್ಬಳು ಬಂದು ಕೇಳಿದ್ರೆ ತಿಳ್ಕೋತೀಯ ಅಂತ ಕಾದೆ."

"ತಿಳ್ಕೊಂಡೆ. ಯಾರು ಅಂತ ಹೇಳಿ. ಇವತ್ತೇ ನಿಮ್ಮನ್ನ ಇಲ್ಲಿಂದ ಕರ್ಕೊಂಡು ಹೋಗ್ತೀನಿ. ಯಾರು ದೊಡ್ಡಮ್ಮ?"

ದೊಡ್ಡಮ್ಮ ಬಾಯಿ ತೆರೆದರು. ದನಿ ಹೊರಡುವ ಮೊದಲೇ ಬಾಗಿಲು ತೆರೆದುಕೊಂಡಿತು.

ಹೊಸಿಲಲ್ಲಿ ಇಬ್ಬರೂ ನಿಂತಿದ್ದರು. ನರ್ಸಮ್ಮನ ಅಂಗೈಯಲ್ಲಿ ಒಂದು ಮಾತ್ರೆ. ಯಜಮಾನನ ಕೈಯಲ್ಲಿ ನೀರಿನ ಲೋಟ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಅವರ ಮುಖ ನೋಡಿ ಹೇಳುವ ಹಾಗಿರಲಿಲ್ಲ. ಇಬ್ಬರೂ ನಗುತ್ತಿದ್ದರು.

"ಮಾತೆಲ್ಲ ಆಮೇಲೆ ಆಡೋರಂತೆ," ಎಂದಳು ನರ್ಸಮ್ಮ. "ಮಾತ್ರೆ ಹೊತ್ತಾಯ್ತು."

"ಇದು ಹೊಸದು, ಇವತ್ತಿಂದ," ಎಂದ ಯಜಮಾನ, ಗಂಟೆ ಅಕ್ಕನನ್ನು ನೋಡುತ್ತಾ. "ದೊಡ್ಡಮ್ಮಂಗೆ ನಿದ್ದೆ ಸರಿಯಾಗಿ ಬರ್ತಿಲ್ಲ."

ಗಂಟೆ ಅಕ್ಕ ಮಂಚಕ್ಕೂ ಅವರಿಗೂ ನಡುವೆ ಎದ್ದು ನಿಲ್ಲಲು ನೋಡಿದಳು. ಅಷ್ಟರಲ್ಲಿ ಮಣಿಕಟ್ಟಿನ ಮೇಲಿದ್ದ ಹಿಡಿತ ಸಡಿಲವಾಯಿತು. ದೊಡ್ಡಮ್ಮ ಕೈ ಹಿಂದಕ್ಕೆ ತೆಗೆದುಕೊಂಡು, ಇಬ್ಬರಲ್ಲಿ ಯಾರ ಮುಖವನ್ನೂ ನೋಡದೆ, ಸಣ್ಣ ಮಗುವಿನ ಹಾಗೆ ಬಾಯಿ ತೆರೆದರು.